ಮನೆಗೆ ಹೋಗುವ ಪ್ರಯೋಗಾಲಯ



ನಿಮ್ಮ ತರಗತಿಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದೂ ಶಾಲೆಗೆ ಬರಲಾಗದ ಸಹಪಾಠಿ ಯಾರಾದರೂ ಇದ್ದಾರೆಯೆ? ನಡೆಯಲು, ಕುಳಿತುಕೊಳ್ಳಲು ತುಂಬ ಕಷ್ಟವಿರುವ ಕೆಲವು ಮಕ್ಕಳು ಮನೆಯಲ್ಲೇ ಕಲಿಯುತ್ತಾರೆ. ಇದಕ್ಕೆ ಗೃಹಾಧಾರಿತ ಶಿಕ್ಷಣ ಎಂದು ಹೆಸರು. 2009ರ ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ಒಂದು ತಿದ್ದುಪಡಿ ಆಯಿತು. ತೀವ್ರವಾದ ಅಥವಾ ಒಂದಕ್ಕಿಂತ ಹೆಚ್ಚು ಬಗೆಯ ಅಂಗವೈಕಲ್ಯ ಇರುವ ಮಕ್ಕಳು ಮನೆಯಲ್ಲೇ ಕಲಿಯುವುದನ್ನು ಆರಿಸಿಕೊಳ್ಳಬಹುದು ಎಂಬ ಹಕ್ಕು ಅದರಿಂದ ಬಂತು. ಶಿಕ್ಷಕರು ಅಥವಾ ಸ್ವಯಂಸೇವಕರು ಇಂಥ ಮಕ್ಕಳ ಮನೆಗೇ ಹೋಗಿ ಕಲಿಸುತ್ತಾರೆ.

ಪಠ್ಯಪುಸ್ತಕ ಮನೆಗೆ ಹೋಗುತ್ತದೆ. ಪಾಠವೂ ಹೋಗುತ್ತದೆ. ಆದರೆ ವಿಜ್ಞಾನದ ಪ್ರಯೋಗ? ಅದು ಶಾಲೆಯ ಬೀರುವಿನಲ್ಲೇ ಉಳಿದುಬಿಡುತ್ತದೆ. ಪ್ರಯೋಗ ಮಾಡದೆ ವಿಜ್ಞಾನ ಕಲಿಯುವುದೆಂದರೆ ನೀರಿಗಿಳಿಯದೆ ಈಜು ಕಲಿತಂತೆ. ಆದ್ದರಿಂದ ಈ ಸಂಚಿಕೆಯಲ್ಲಿ ನಾವು ಒಂದು ಪೆಟ್ಟಿಗೆ ತಯಾರಿಸೋಣ. ಅದು ಶಾಲೆಯಿಂದ ಮನೆಗೆ, ಮನೆಯಿಂದ ಶಾಲೆಗೆ ಓಡಾಡುವ ಪೆಟ್ಟಿಗೆ. ಅಂಥ ಸಹಪಾಠಿ ನಿಮ್ಮ ತರಗತಿಯಲ್ಲಿ ಇಲ್ಲದಿದ್ದರೆ ಕಾಯಿಲೆಯಿಂದ ಕೆಲವು ವಾರ ಮನೆಯಲ್ಲಿ ಉಳಿದವರಿಗೆ ಕಳುಹಿಸಿ. ರಜೆಯಲ್ಲಿ ನೀವೂ ಸರದಿಯಂತೆ ಮನೆಗೆ ಒಯ್ಯಿರಿ.

ಪೆಟ್ಟಿಗೆ ಹೇಗಿರಬೇಕು?

ಪೇಟೆಯ ಅಂಗಡಿಗಳಲ್ಲಿ ಬಣ್ಣಬಣ್ಣದ ವಿಜ್ಞಾನ ಕಿಟ್‌ಗಳು ಸಿಗುತ್ತವೆ. ಹಲವು ಕಿಟ್‌ಗಳಲ್ಲಿ ಪ್ರತಿ ಭಾಗಕ್ಕೂ ಒಂದು ಸಂಖ್ಯೆ ಇರುತ್ತದೆ. ಚಿತ್ರ ನೋಡಿ ಒಂದಕ್ಕೊಂದು ಜೋಡಿಸಿದರೆ ಕೆಲಸ ಮುಗಿಯಿತು. ಒಂದು ತುಂಡು ಕಳೆದುಹೋದರೆ ಇಡೀ ಪೆಟ್ಟಿಗೆ ಅಟ್ಟ ಸೇರುತ್ತದೆ. ನಮ್ಮ ಪೆಟ್ಟಿಗೆ ಹಾಗಾಗಬಾರದು. ಅದಕ್ಕೆ ನಾಲ್ಕು ನಿಯಮ ಇಟ್ಟುಕೊಳ್ಳೋಣ.

1. ಒಳಗಿನ ಪ್ರತಿ ವಸ್ತುವೂ ಊರಿನಲ್ಲಿ ಅಥವಾ ಹತ್ತಿರದ ಪೇಟೆಯಲ್ಲಿ ಸಿಗಬೇಕು. ಕಳೆದರೆ ಮತ್ತೆ ತರುವಂತಿರಬೇಕು.
2. ಮಂಚದ ಮೇಲೆ, ಚಾಪೆಯ ಮೇಲೆ ಕುಳಿತು ಅಥವಾ ಮಲಗಿಯೂ ಪ್ರಯೋಗ ಮಾಡುವಂತಿರಬೇಕು.
3. ಬೆಂಕಿ, ಆಮ್ಲ, ಗಾಜಿನ ಚೂರು, ಮನೆಯ ವಿದ್ಯುತ್ ಪ್ಲಗ್ಗು ಯಾವುದೂ ಬೇಕಾಗಬಾರದು.
4. ಪ್ರತಿ ಪ್ರಯೋಗದಲ್ಲೂ ಮಕ್ಕಳು ತಾವೇ ಬದಲಿಸಿ ನೋಡಬಹುದಾದ ಒಂದು ಅಂಶ ಇರಬೇಕು. ಪ್ರಯೋಗ ಕೆಟ್ಟರೆ ಯಾಕೆ ಕೆಟ್ಟಿತೆಂದು ಕಂಡುಹಿಡಿಯುವ ದಾರಿಯೂ ಪೆಟ್ಟಿಗೆಯೊಳಗೇ ಇರಬೇಕು.

ನಾಲ್ಕನೆಯ ನಿಯಮವೇ ಮುಖ್ಯ. ಶಾಲೆಯಲ್ಲಿ ಪ್ರಯೋಗ ಕೆಟ್ಟರೆ ಮೇಷ್ಟ್ರೋ ಟೀಚರೋ ಪಕ್ಕದಲ್ಲೇ ಇರುತ್ತಾರೆ. ಮನೆಯಲ್ಲಿ ಅವರು ಬರುವ ದಿನಕ್ಕೆ ಕಾಯಬೇಕು. ತಪ್ಪನ್ನು ತಾನೇ ಹುಡುಕಬಲ್ಲವರು ಕಾಯಬೇಕಾಗಿಲ್ಲ.

ಹಳ್ಳಿಯ ಶಾಲೆಗಳಿಗೆ ಪೆಟ್ಟಿಗೆಯಲ್ಲಿ ಪ್ರಯೋಗ ಕಳುಹಿಸುವುದು ಹೊಸ ವಿಚಾರವೇನಲ್ಲ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ ಒಂದು ವಿಜ್ಞಾನ ಕಾರ್ಯಕ್ರಮ ಆರಂಭವಾಯಿತು. ಆ ಜಿಲ್ಲೆಗೆ ಈಗ ನರ್ಮದಾಪುರಂ ಎಂದು ಹೆಸರು. ಅಲ್ಲಿ 6ರಿಂದ 8ನೆಯ ತರಗತಿಯ ಮಕ್ಕಳು ಗುಂಪಿನಲ್ಲಿ ಕುಳಿತು ಕಿಟ್‌ನ ವಸ್ತುಗಳಿಂದ ತಾವೇ ಪ್ರಯೋಗ ಮಾಡಿ ಉತ್ತರ ಹುಡುಕುತ್ತಿದ್ದರು. ಕಾರ್ಯಕ್ರಮ 2002ರವರೆಗೆ ನಡೆಯಿತು. ಅದರಲ್ಲಿ ಕೆಲಸ ಮಾಡಿದ ಎಂಜಿನಿಯರ್ ಅರವಿಂದ ಗುಪ್ತ ಅವರು ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬ್‌ನಂಥ ವಸ್ತುಗಳಿಂದ ನೂರಾರು ವಿಜ್ಞಾನ ಆಟಿಕೆಗಳನ್ನು ಮಕ್ಕಳಿಗೆ ಕಲಿಸಿಕೊಟ್ಟರು. 2018ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂತು. ಸೇಫ್ಟಿ ಪಿನ್ನಿನ ಮೋಟಾರನ್ನು ಅವರು ಎಷ್ಟೋ ಮಕ್ಕಳಿಗೆ ಮಾಡಿ ತೋರಿಸಿದ್ದಾರೆ. ಅದೇ ಮೋಟಾರನ್ನು ನಾವೂ ಕೊನೆಯಲ್ಲಿ ಮಾಡಲಿದ್ದೇವೆ.

ಪೆಟ್ಟಿಗೆಯಲ್ಲಿ ಏನೇನು?

ಒಂದು ಖಾಲಿ ಚಪ್ಪಲಿ ಪೆಟ್ಟಿಗೆ ತೆಗೆದುಕೊಳ್ಳಿ. ಅದರಲ್ಲಿ ಇವನ್ನು ಜೋಡಿಸಿ:

* ಗಟ್ಟಿ ದಾರ 2 ಮೀಟರ್, ಒಂದೇ ಅಳತೆಯ ಕಬ್ಬಿಣದ ನಟ್ಟು 3
* ಅಳತೆಪಟ್ಟಿ ಅಥವಾ ದರ್ಜಿಯ ಟೇಪು 1
* ಒಂದೂವರೆ ವೋಲ್ಟಿನ ದೊಡ್ಡ ಟಾರ್ಚ್ ಸೆಲ್ 2
* ಎರಡು ಸೆಲ್ ಟಾರ್ಚಿನ ಬಲ್ಬು 1, ಪ್ಲಾಸ್ಟಿಕ್ ಹೊದಿಕೆಯ ತಂತಿ 3 ತುಂಡು
* ಎನಾಮಲ್ ಲೇಪನದ ತಾಮ್ರದ ತಂತಿ 2 ಮೀಟರ್ (22 ಅಥವಾ 24 ಗೇಜ್)
* ದೊಡ್ಡ ಸೇಫ್ಟಿ ಪಿನ್ನು 2
* ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಪಟ್ಟಿ 2
* ಹಳೆಯ ರೇಡಿಯೋ ಸ್ಪೀಕರಿನ ಕಾಂತ 1
* ಮರಳು ಕಾಗದ 1 ತುಂಡು, ಅಂಟುಪಟ್ಟಿ 1 ಸುರುಳಿ
* ನೂರು ಪುಟದ ನೋಟ್‌ಬುಕ್ಕು 1, ಪೆನ್ಸಿಲು 1

ಎನಾಮಲ್ ತಂತಿ ಎಲ್ಲಿ ಸಿಗುತ್ತದೆ? ಪಂಪ್‌ಸೆಟ್ ಮೋಟಾರು ಸುಟ್ಟರೆ ರೈತರು ರಿವೈಂಡಿಂಗ್ ಅಂಗಡಿಗೆ ಒಯ್ಯುತ್ತಾರಲ್ಲವೆ? ಅಲ್ಲಿ ಕೇಳಿ. ಕಾಂತ ಬೇಕಾದರೆ ರೇಡಿಯೋ, ಟಿ.ವಿ. ರಿಪೇರಿ ಅಂಗಡಿಯಲ್ಲಿ ಕೇಳಿ.

ವಸ್ತುಗಳ ಪಟ್ಟಿಯನ್ನು ಮುಚ್ಚಳದ ಒಳಬದಿಗೆ ಅಂಟಿಸಿ. ಪೆಟ್ಟಿಗೆ ಹೋಗುವಾಗ ಒಮ್ಮೆ, ಬಂದಾಗ ಒಮ್ಮೆ ಎಣಿಸಿ.

ಎಚ್ಚರಿಕೆ: ಗುಂಡಿಯಂಥ ಚಿಕ್ಕ ಸೆಲ್‌ಗಳನ್ನೂ ಚಿಕ್ಕಚಿಕ್ಕ ಕಾಂತಗಳನ್ನೂ ಈ ಪೆಟ್ಟಿಗೆಯಲ್ಲಿ ಎಂದೂ ಇಡಬೇಡಿ. ಮನೆಯ ಪುಟ್ಟ ಮಕ್ಕಳು ಅವನ್ನು ನುಂಗಿದರೆ ಪ್ರಾಣಕ್ಕೇ ಅಪಾಯ. ಗುಂಡಿ ಸೆಲ್ ಗಂಟಲಲ್ಲಿ ಸಿಕ್ಕಿಕೊಂಡರೆ ಕೆಲವೇ ಗಂಟೆಗಳಲ್ಲಿ ಅನ್ನನಾಳವನ್ನು ಸುಡುತ್ತದೆ. ಎರಡು ಕಾಂತಗಳು ಹೊಟ್ಟೆಯೊಳಗೆ ಒಂದನ್ನೊಂದು ಸೆಳೆದು ಕರುಳಿಗೆ ತೂತು ಮಾಡಬಲ್ಲವು. ಹಾಗೆ ನುಂಗಿದ್ದಾರೆಂದು ಅನುಮಾನ ಬಂದರೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ನಟ್ಟು, ಬಲ್ಬು, ಪಿನ್ನುಗಳನ್ನೂ ಕೆಲಸ ಮುಗಿದ ಕೂಡಲೇ ಎಣಿಸಿ ಒಳಗಿಡಿ.

ಪ್ರಯೋಗ 1: ದಾರ ಮತ್ತು ನಟ್ಟು

ದಾರದ ತುದಿಗೆ ಒಂದು ನಟ್ಟು ಕಟ್ಟಿ. ದಾರವನ್ನು ಕಿಟಕಿಯ ಸರಳಿಗೋ ಮಂಚದ ಅಡ್ಡಪಟ್ಟಿಗೋ ಕಟ್ಟಿ ತೂಗುಬಿಡಿ. ದಾರ ಕಟ್ಟಿದ ಜಾಗದಿಂದ ನಟ್ಟಿನ ನಡುವಿನವರೆಗೆ ಸರಿಯಾಗಿ 25 ಸೆಂಟಿಮೀಟರ್ ಇರಲಿ. ಇದೇ ಲೋಲಕ. ನಟ್ಟನ್ನು ಎರಡು ಬೆರಳಿನ ಅಗಲದಷ್ಟು ಬದಿಗೆ ಎಳೆದು, ತಳ್ಳದೆ ಬಿಡಿ. ಅದು ಹೋಗಿ ಮರಳಿ ಬಂದರೆ ಒಂದು ಆಂದೋಲನ. ಹತ್ತು ಆಂದೋಲನಕ್ಕೆ ಎಷ್ಟು ಸೆಕೆಂಡು ಬೇಕು? ಗಡಿಯಾರ ನೋಡಿ ಬರೆಯಿರಿ.

ಎಣಿಸುವಾಗ ಒಂದು ಗುಟ್ಟು ನೆನಪಿಡಿ. ನಟ್ಟನ್ನು ಬಿಡುವಾಗ "ಸೊನ್ನೆ" ಎನ್ನಿ. "ಒಂದು" ಎಂದು ಶುರುಮಾಡಿದರೆ ಹತ್ತು ಎನ್ನುವಾಗ ಒಂಬತ್ತೇ ಆಂದೋಲನ ಆಗಿರುತ್ತದೆ!

ನಿಮ್ಮ ಉತ್ತರ 10 ಸೆಕೆಂಡಿನ ಆಸುಪಾಸು ಬರಬೇಕು. ಈಗ ಒಂದೊಂದೇ ಅಂಶ ಬದಲಿಸಿ.

* ಒಂದು ನಟ್ಟಿನ ಜಾಗದಲ್ಲಿ ಮೂರು ನಟ್ಟು ಒಟ್ಟಿಗೆ ಕಟ್ಟಿ, ಉದ್ದ ಅಷ್ಟೇ ಇಡಿ. ಕಾಲ ಬದಲಾಯಿತೆ?
* ನಟ್ಟು ಒಂದೇ ಇರಲಿ, ಉದ್ದವನ್ನು 1 ಮೀಟರ್ ಮಾಡಿ. ಈಗ ಎಷ್ಟು?

ಭಾರ ಹೆಚ್ಚಿಸಿದರೆ ಕಾಲ ಬದಲಾಗುವುದಿಲ್ಲ. ಉದ್ದ ನಾಲ್ಕು ಪಟ್ಟಾದರೆ ಕಾಲ ಎರಡು ಪಟ್ಟಾಗುತ್ತದೆ, ಅಂದರೆ ಹತ್ತು ಆಂದೋಲನಕ್ಕೆ ಸುಮಾರು 20 ಸೆಕೆಂಡು. ಉದ್ದ ನಾಲ್ಕು ಪಟ್ಟಾದರೆ ಕಾಲವೂ ನಾಲ್ಕು ಪಟ್ಟಾಗುತ್ತದೆ ಎಂದು ನೀವು ಊಹಿಸಿದ್ದಿರಾ? ಊಹೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅಳೆದ ಉತ್ತರದ ಪಕ್ಕದಲ್ಲಿ ಅದೂ ಇರಲಿ.

ಇದೇ ಲೋಲಕವನ್ನು ಶಾಲೆಯಲ್ಲೂ ಮಾಡಿ. ಮನೆಯಲ್ಲಿ ಬಂದ ಉತ್ತರ, ಶಾಲೆಯಲ್ಲಿ ಬಂದ ಉತ್ತರ ಎರಡನ್ನೂ ಹೋಲಿಸಿ. ಬೇರೆ ಊರಿನಲ್ಲಿ, ಬೇರೆಯವರು, ಬೇರೆ ದಾರದಿಂದ ಮಾಡಿದರೂ ಉತ್ತರ ಒಂದೇ ಬಂದರೆ ಮಾತ್ರ ವಿಜ್ಞಾನಿಗಳು ಅದನ್ನು ನಂಬುತ್ತಾರೆ. ಆದ್ದರಿಂದ ಮನೆಯಲ್ಲಿರುವ ಸಹಪಾಠಿಯ ಅಳತೆ ನಿಮಗೆ ಬೇಕೇ ಬೇಕು. ನೀವು ಅವರಿಗೆ ಪೆಟ್ಟಿಗೆ ಕೊಡುತ್ತೀರಿ, ಅವರು ನಿಮಗೆ ಅಳತೆ ಕೊಡುತ್ತಾರೆ.

ಪ್ರಯೋಗ 2: ವಿದ್ಯುತ್ ಹರಿಯುತ್ತದೆಯೆ?

ಎರಡು ಸೆಲ್‌ಗಳನ್ನು ಒಂದರ ಹಿಂದೆ ಒಂದು ಇಟ್ಟು ಅಂಟುಪಟ್ಟಿಯಿಂದ ಬಿಗಿಯಿರಿ. ಒಂದರ ಧನ ತುದಿ ಇನ್ನೊಂದರ ಋಣ ತುದಿಗೆ ತಾಗಬೇಕು. ತಂತಿಗಳ ತುದಿಯ ಪ್ಲಾಸ್ಟಿಕ್ ಹೊದಿಕೆ ಬಿಡಿಸಿ. ಮೊದಲ ತಂತಿಯಿಂದ ಸೆಲ್ಲಿನ ಒಂದು ತುದಿಯನ್ನು ಬಲ್ಬಿಗೆ ಜೋಡಿಸಿ. ಬಲ್ಬಿನ ಇನ್ನೊಂದು ಸಂಪರ್ಕಕ್ಕೆ ಎರಡನೆಯ ತಂತಿ, ಸೆಲ್ಲಿನ ಉಳಿದ ತುದಿಗೆ ಮೂರನೆಯ ತಂತಿ ಜೋಡಿಸಿ. ಈಗ ಎರಡು ತಂತಿಗಳ ತುದಿ ಖಾಲಿ ಉಳಿಯುತ್ತವೆ. ಅವೆರಡನ್ನೂ ತಾಗಿಸಿದರೆ ಬಲ್ಬು ಉರಿಯಬೇಕು. ನಿಮ್ಮ ಪರೀಕ್ಷಕ ಸಿದ್ಧವಾಯಿತು.

ಈ ಎರಡು ತುದಿಗಳ ನಡುವೆ ಬೀಗದ ಕೈ, ಬಾಚಣಿಗೆ, ನಾಣ್ಯ, ಬಳಪ, ಒಣ ಕಡ್ಡಿ ಹೀಗೆ ಒಂದೊಂದನ್ನೇ ಇಡಿ. ಇಡುವ ಮೊದಲು "ಉರಿಯುತ್ತದೆ" ಅಥವಾ "ಉರಿಯುವುದಿಲ್ಲ" ಎಂದು ಊಹಿಸಿ ಬರೆಯಿರಿ. ಕೊನೆಯಲ್ಲಿ ಎನಾಮಲ್ ಲೇಪನದ ತಾಮ್ರದ ತಂತಿಯನ್ನು ಇಡಿ.

ಏನಾಯಿತು? ತಾಮ್ರ ಒಳ್ಳೆಯ ವಿದ್ಯುದ್ವಾಹಕ ಎಂದು ಓದಿದ್ದೀರಿ. ಆದರೆ ಬಲ್ಬು ಉರಿಯಲಿಲ್ಲ! ತಂತಿಯ ಎರಡೂ ತುದಿಗಳನ್ನು ಮರಳು ಕಾಗದದಿಂದ ಉಜ್ಜಿ ಮತ್ತೆ ಇಡಿ. ಈಗ ಉರಿಯುತ್ತದೆ. ತಂತಿಯ ಮೇಲೆ ಕಣ್ಣಿಗೆ ಬೇರೆಯಾಗಿ ಕಾಣದ ತೆಳುವಾದ ಎನಾಮಲ್ ಪದರ ಇತ್ತು. ಅದು ವಿದ್ಯುತ್ ನಿರೋಧಕ. ಪಂಪ್‌ಸೆಟ್ಟಿನ ಮೋಟಾರಿನಲ್ಲಿ ನೂರಾರು ಸುತ್ತು ತಂತಿ ಒಂದಕ್ಕೊಂದು ಅಂಟಿಕೊಂಡೇ ಇರುತ್ತದೆ. ಈ ಪದರ ಇರುವುದರಿಂದಲೇ ವಿದ್ಯುತ್ ಅಡ್ಡದಾರಿ ಹಿಡಿಯದೆ ಒಂದೊಂದೇ ಸುತ್ತಿನಲ್ಲಿ ಹರಿಯುತ್ತದೆ.

ಪರೀಕ್ಷಕವನ್ನು ಬಿಚ್ಚಬೇಡಿ. ಮುಂದಿನ ಪ್ರಯೋಗಕ್ಕೆ ಅದೇ ವೈದ್ಯರು!

ಪ್ರಯೋಗ 3: ಸೇಫ್ಟಿ ಪಿನ್ನಿನ ಮೋಟಾರು

ಮೊದಲು ಒಂದು ಚಿಕ್ಕ ಕಥೆ. ಮೈಕೆಲ್ ಫ್ಯಾರಡೆ 1791ರಲ್ಲಿ ಇಂಗ್ಲೆಂಡಿನ ಒಬ್ಬ ಕಮ್ಮಾರನ ಮಗನಾಗಿ ಹುಟ್ಟಿದರು. ಹೆಚ್ಚು ಕಾಲ ಶಾಲೆಗೆ ಹೋಗಲು ಆಗಲಿಲ್ಲ. 14ನೆಯ ವಯಸ್ಸಿನಲ್ಲಿ ಲಂಡನ್ನಿನ ಒಂದು ಅಂಗಡಿಯಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿಯಲು ಸೇರಿದರು. ಕಟ್ಟಲು ಬಂದ ಪುಸ್ತಕಗಳನ್ನೇ ಓದಿದರು. ಓದಿದ ಪ್ರಯೋಗಗಳನ್ನು ಕೈಗೆ ಸಿಕ್ಕ ಅಗ್ಗದ ವಸ್ತುಗಳಿಂದ ತಾವೇ ಮಾಡಿ ನೋಡಿದರು. ವಿದ್ಯುತ್ ಹರಿಯುವ ತಂತಿ ಹತ್ತಿರದ ದಿಕ್ಸೂಚಿಯ ಮುಳ್ಳನ್ನು ತಿರುಗಿಸುತ್ತದೆ ಎಂದು 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ತೋರಿಸಿದರು. ಮರುವರ್ಷ, 1821ರಲ್ಲಿ, ಫ್ಯಾರಡೆ ವಿದ್ಯುತ್ ಹರಿಯುವ ತಂತಿಯೇ ಕಾಂತದ ಸುತ್ತ ಸುತ್ತುವಂತೆ ಮಾಡಿದರು. ಇಂದಿನ ಮೋಟಾರುಗಳ ಪೂರ್ವಜ ಅದು. ಅವರು ಬಳಸಿದ ಪಾದರಸ ವಿಷಕಾರಿ. ನಮಗೆ ಅದು ಬೇಡ, ಸೇಫ್ಟಿ ಪಿನ್ನು ಸಾಕು.

ಮಾಡುವ ವಿಧಾನ:

1. ಒಂದು ಮೀಟರ್ ಎನಾಮಲ್ ತಂತಿಯನ್ನು ಸುಮಾರು 2 ಸೆಂಟಿಮೀಟರ್ ದಪ್ಪದ ಮಾರ್ಕರ್ ಪೆನ್ನಿಗೆ 12 ಸುತ್ತು ಸುತ್ತಿ. ಎರಡೂ ತುದಿಗಳಲ್ಲಿ 5 ಸೆಂಟಿಮೀಟರಿನಷ್ಟು ತಂತಿ ಉಳಿಯಲಿ.
2. ಸುರುಳಿಯನ್ನು ಪೆನ್ನಿನಿಂದ ಜಾರಿಸಿ ತೆಗೆಯಿರಿ. ಎರಡು ತುದಿಗಳನ್ನು ಸುರುಳಿಯ ಎದುರುಬದುರು ಬದಿಗಳಲ್ಲಿ ಎರಡೆರಡು ಬಾರಿ ಬಿಗಿದು, ನೇರವಾಗಿ ಹೊರಗೆ ಚಾಚಿ. ಇವು ಸುರುಳಿಯ ಎರಡು ಕೈಗಳು. ಎರಡೂ ಒಂದೇ ಗೆರೆಯಲ್ಲಿರಬೇಕು.
3. ಒಂದು ಕೈಯ ಎನಾಮಲನ್ನು ಸುತ್ತಲೂ ಪೂರ್ತಿ ಉಜ್ಜಿ ತೆಗೆಯಿರಿ.
4. ಸುರುಳಿಯನ್ನು ಚಕ್ರದಂತೆ ನೆಟ್ಟಗೆ ಹಿಡಿಯಿರಿ. ಇನ್ನೊಂದು ಕೈಯ ಮೇಲಿನ ಅರ್ಧಭಾಗವನ್ನು ಮಾತ್ರ ಉಜ್ಜಿ. ಕೆಳಗಿನ ಅರ್ಧದ ಎನಾಮಲ್ ಹಾಗೇ ಇರಲಿ.
5. ಒಂದು ಸೆಲ್ಲಿನ ಎರಡು ತುದಿಗಳಿಗೆ ಒಂದೊಂದು ಸೇಫ್ಟಿ ಪಿನ್ನು ತಾಗುವಂತೆ ರಬ್ಬರ್ ಪಟ್ಟಿಯಿಂದ ಬಿಗಿಯಿರಿ. ಪಿನ್ನುಗಳ ಚಿಕ್ಕ ತೂತು ಮೇಲೆ ಬರಲಿ.
6. ಸೆಲ್ಲಿನ ಬೆನ್ನಿನ ಮೇಲೆ, ಎರಡು ಪಿನ್ನುಗಳ ನಡುವೆ ಕಾಂತವನ್ನು ಇಡಿ.
7. ಸುರುಳಿಯ ಕೈಗಳನ್ನು ಪಿನ್ನುಗಳ ತೂತಿನಲ್ಲಿ ತೂರಿಸಿ. ಸುರುಳಿ ಕಾಂತಕ್ಕೆ ತಾಗದೆ, ತೀರ ಹತ್ತಿರದಲ್ಲಿ ಇರಲಿ. ಬೆರಳಿನಿಂದ ಮೆಲ್ಲಗೆ ಒಮ್ಮೆ ತಿರುಗಿಸಿ ಬಿಡಿ.

ತಿರುಗಲು ಶುರುವಾದರೆ ನಿಲ್ಲಿಸುವವರೆಗೆ ತಿರುಗುತ್ತಲೇ ಇರುತ್ತದೆ!

ಎಚ್ಚರಿಕೆ: ಸುರುಳಿಯ ತಂತಿ ಗಿಡ್ಡ, ಅದರ ವಿದ್ಯುತ್ ರೋಧ ತುಂಬ ಕಡಿಮೆ. ಸುರುಳಿ ತಿರುಗದೆ ಹಾಗೇ ಕುಳಿತಿದ್ದರೆ ಹೆಚ್ಚು ವಿದ್ಯುತ್ ಹರಿದು ಸೆಲ್ ಬಿಸಿಯಾಗುತ್ತದೆ, ಬೇಗ ಮುಗಿಯುತ್ತದೆ. ನೋಡಿಯಾದ ಕೂಡಲೇ ಸುರುಳಿಯನ್ನು ತೆಗೆದಿಡಿ.

ತಿರುಗದಿದ್ದರೆ?

ಮೊದಲ ಸಲಕ್ಕೇ ತಿರುಗದಿದ್ದರೆ ಬೇಸರ ಬೇಡ. ಒಂದೊಂದಾಗಿ ಪರೀಕ್ಷಿಸಿ.

* ಎನಾಮಲ್ ಸರಿಯಾಗಿ ಹೋಗಿದೆಯೆ? ಪ್ರಯೋಗ 2ರ ಪರೀಕ್ಷಕದ ತುದಿಗಳನ್ನು ಸುರುಳಿಯ ಎರಡು ಕೈಗಳ ಉಜ್ಜಿದ ಭಾಗಕ್ಕೆ ಹಿಡಿಯಿರಿ. ಬಲ್ಬು ಉರಿಯದಿದ್ದರೆ ಇನ್ನಷ್ಟು ಉಜ್ಜಬೇಕು. (ಎರಡನೆಯ ಸೆಲ್ ಮೋಟಾರಿನಲ್ಲಿದ್ದರೆ ಅದನ್ನು ಬಿಡಿಸಿಕೊಂಡು ಪರೀಕ್ಷಿಸಿ.)
* ಪಿನ್ನುಗಳು ಸೆಲ್ಲಿಗೆ ಬಿಗಿಯಾಗಿ ತಾಗಿವೆಯೆ? ರಬ್ಬರ್ ಪಟ್ಟಿಯನ್ನು ಇನ್ನೊಂದು ಸುತ್ತು ಬಿಗಿಯಿರಿ.
* ಸುರುಳಿ ಒಂದು ಬದಿಗೆ ವಾಲುತ್ತದೆಯೆ? ಕೈಗಳನ್ನು ನೇರ ಮಾಡಿ, ತೂಕ ಎರಡೂ ಕಡೆ ಸಮವಾಗಲಿ.
* ಕಾಂತ ದೂರ ಇದೆಯೆ? ಹತ್ತಿರ ತನ್ನಿ.
* ಎಲ್ಲ ಸರಿಯಿದ್ದರೂ ತಿರುಗದಿದ್ದರೆ ಇನ್ನೊಂದು ಸೆಲ್ ಹಾಕಿ ನೋಡಿ.

ಒಮ್ಮೆಗೆ ಒಂದನ್ನೇ ಸರಿಪಡಿಸಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಮೋಟಾರು ತಿರುಗಬಹುದು, ಆದರೆ ತಪ್ಪು ಎಲ್ಲಿತ್ತು ಎಂದು ಗೊತ್ತಾಗುವುದಿಲ್ಲ. ಯಾವುದು ತಪ್ಪಾಗಿತ್ತು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಪೆಟ್ಟಿಗೆ ಮುಂದೆ ಯಾರ ಮನೆಗೆ ಹೋಗುತ್ತದೋ ಅವರಿಗೆ ಆ ಒಂದು ಸಾಲು ಬಹಳ ಉಪಯೋಗಕ್ಕೆ ಬರುತ್ತದೆ.

ಅರ್ಧವನ್ನೇ ಏಕೆ ಉಜ್ಜಬೇಕು?

ಎರಡೂ ಕೈಗಳನ್ನು ಪೂರ್ತಿ ಉಜ್ಜಿದ ಇನ್ನೊಂದು ಸುರುಳಿ ಮಾಡಿ. ಅದು ತಿರುಗುವ ಬದಲು ಅತ್ತಿತ್ತ ತೂಗಾಡಿ ನಿಂತುಬಿಡುತ್ತದೆ. ಏಕೆ?

ವಿದ್ಯುತ್ ಹರಿದಾಗ ಸುರುಳಿಯೇ ಒಂದು ಕಾಂತವಾಗುತ್ತದೆ. ಕೆಳಗಿರುವ ಕಾಂತ ಅದರ ಒಂದು ಮುಖವನ್ನು ಸೆಳೆಯುತ್ತದೆ, ಇನ್ನೊಂದು ಮುಖವನ್ನು ತಳ್ಳುತ್ತದೆ. ಸುರುಳಿ ತಿರುಗಿ, ಸೆಳೆಯಲ್ಪಟ್ಟ ಮುಖ ಕೆಳಗೆ ಬರುತ್ತದೆ. ವಿದ್ಯುತ್ ಇನ್ನೂ ಹರಿಯುತ್ತಿದ್ದರೆ ಕಾಂತ ಆ ಮುಖವನ್ನು ಅಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಮುಂದೆ ಹೋಗಲು ಬಿಡದೆ ಹಿಂದಕ್ಕೆ ಎಳೆಯುತ್ತದೆ. ಉಯ್ಯಾಲೆ ತೂಗುವವರನ್ನು ನೆನಪಿಸಿಕೊಳ್ಳಿ. ಉಯ್ಯಾಲೆ ಮುಂದೆ ಹೋಗುವಾಗ ತಳ್ಳಿ, ಬರುವಾಗ ಕೈ ತೆಗೆಯುತ್ತಾರೆ. ಬರುವಾಗಲೂ ತಳ್ಳಿದರೆ ಉಯ್ಯಾಲೆ ನಿಂತುಹೋಗುತ್ತದೆ.

ಉಳಿಸಿದ ಅರ್ಧ ಎನಾಮಲ್ ಮಾಡುವುದು ಇದನ್ನೇ. ಅರ್ಧ ಸುತ್ತಿನಲ್ಲಿ ಬರಿಯ ತಾಮ್ರ ಪಿನ್ನಿಗೆ ತಾಗಿ ವಿದ್ಯುತ್ ಹರಿಯುತ್ತದೆ, ಸುರುಳಿಗೆ ತಳ್ಳು ಸಿಗುತ್ತದೆ. ಉಳಿದ ಅರ್ಧ ಸುತ್ತಿನಲ್ಲಿ ಎನಾಮಲ್ ಪಿನ್ನಿಗೆ ತಾಗಿ ವಿದ್ಯುತ್ ನಿಲ್ಲುತ್ತದೆ. ಆಗ ಸುರುಳಿ ತನ್ನ ಜಡತ್ವದಿಂದಲೇ ಮುಂದೆ ಸಾಗುತ್ತದೆ. ಆಟಿಕೆ ಕಾರಿನ ಮೋಟಾರಿನಲ್ಲಿ ಇನ್ನೊಂದು ಉಪಾಯವಿದೆ. ಅಲ್ಲಿರುವ ದಿಕ್ಪರಿವರ್ತಕ ಅರ್ಧ ಸುತ್ತಿಗೊಮ್ಮೆ ವಿದ್ಯುತ್ತಿನ ದಿಕ್ಕನ್ನೇ ಬದಲಿಸುತ್ತದೆ. ಹಾಗಾಗಿ ಇಡೀ ಸುತ್ತಿನಲ್ಲೂ ತಳ್ಳು ಸಿಗುತ್ತದೆ.

ಎಲ್ಲರೂ ಸೇರಿ ಮಾಡಲು

ಮನೆಯಲ್ಲಿರುವ ಸಹಪಾಠಿಗೆ ತಂತಿ ಸುತ್ತಲು ಕೈ ಬಾರದಿದ್ದರೆ ಮನೆಯವರೋ ನೀವೋ ಸುತ್ತಿಕೊಡಿ. ಆದರೆ ಮುಂದೆ ಏನನ್ನು ಬದಲಿಸಬೇಕು ಎಂಬ ತೀರ್ಮಾನ ಅವರದೇ ಆಗಿರಲಿ. ಊಹಿಸುವುದು, ಎಣಿಸುವುದು, ತಪ್ಪು ಹುಡುಕುವುದು ಇವೆಲ್ಲ ಪ್ರಯೋಗದ ಮುಖ್ಯ ಕೆಲಸಗಳು. ಕಣ್ಣು ಕಾಣದವರಿಗೆ ಪರೀಕ್ಷಕದಲ್ಲಿ ಬಲ್ಬಿನ ಬದಲು ಮೂರು ವೋಲ್ಟಿನ ಬಜರ್ ಹಾಕಿ. ವಿದ್ಯುತ್ ಹರಿದರೆ ಸದ್ದು ಕೇಳಿಸುತ್ತದೆ. ಮೋಟಾರು ತಿರುಗುವಾಗ ಪಿನ್ನಿನ ಬುಡಕ್ಕೆ ಬೆರಳು ತಾಗಿಸಿದರೆ ಅದರ ನಡುಕ ತಿಳಿಯುತ್ತದೆ. ಆದರೆ ಯಾರ ಮನೆಗೆ ಹೋಗುವ ಮೊದಲೂ ನಿಮ್ಮ ಶಿಕ್ಷಕರ ಮತ್ತು ಆ ಮನೆಯವರ ಒಪ್ಪಿಗೆ ಕೇಳಿ.

ಮಾಡಿ ನೋಡಿ, ಯೋಚಿಸಿ

1. ಕಾಂತವನ್ನು ಮಗುಚಿ ಇಟ್ಟರೆ ಮೋಟಾರು ಯಾವ ದಿಕ್ಕಿಗೆ ತಿರುಗುತ್ತದೆ? ಸೆಲ್ಲನ್ನು ತಿರುಗಿಸಿ ಹಾಕಿದರೆ? ಎರಡನ್ನೂ ಒಟ್ಟಿಗೆ ಮಾಡಿದರೆ?
2. ಸುರುಳಿಯಲ್ಲಿ 12ರ ಬದಲು 6 ಸುತ್ತು, 20 ಸುತ್ತು ಇದ್ದರೆ ಏನಾಗುತ್ತದೆ?
3. ಹತ್ತು ಆಂದೋಲನಕ್ಕೆ 15 ಸೆಕೆಂಡು ಬೇಕಾಗುವ ಲೋಲಕ ಎಷ್ಟು ಉದ್ದವಿರಬೇಕು? ಮೊದಲು ಊಹಿಸಿ, ಆಮೇಲೆ ಅಳೆಯಿರಿ.
4. ಮೋಟಾರು ಕಣ್ಣಿಗೆ ಎಣಿಸಲಾಗದಷ್ಟು ವೇಗವಾಗಿ ತಿರುಗುತ್ತದೆ. ಒಂದು ನಿಮಿಷಕ್ಕೆ ಎಷ್ಟು ಸುತ್ತು ಎಂದು ತಿಳಿಯಲು ನೀವು ಯಾವ ಉಪಾಯ ಮಾಡುತ್ತೀರಿ?

ನಾಲ್ಕನೆಯ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಅದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದು ಪೆಟ್ಟಿಗೆಯಲ್ಲಿ ಇಡಿ. ಪೆಟ್ಟಿಗೆ ಮರಳಿ ಬಂದಾಗ ಆ ಪುಟದಲ್ಲಿ ಯಾವ ಉಪಾಯ ಇದೆ ಎಂದು ಮೊದಲು ಓದಿ, ಶಾಲೆಯಲ್ಲಿ ಅದನ್ನು ಮಾಡಿ ನೋಡಿ.